ಸಂಜೆಯ ಒಂದು ತಾಸು ನಮ್ಮೂರಿಗೆ ಇರಲಿ

ಮೂವತ್ತು ವಾಟ್ ಎಂದರೆ ದೊಡ್ಡ ಶಕ್ತಿಯೇನಲ್ಲ. ನಮ್ಮ ತರಗತಿಯ ಹುಡುಗರು ಚೀಲದಲ್ಲಿ ಹಾಕಿಕೊಂಡು ಬರುವ ಮೊಬೈಲ್ ಚಾರ್ಜರ್‌ಗಳ ಮೇಲೆ ಹೆಚ್ಚುಕಡಿಮೆ ಅಷ್ಟೇ ಅಂಕಿ ಇರುತ್ತದೆ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ಅಷ್ಟೇ ಶಕ್ತಿಯ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದರು. ಅವರೇನು ಇಂಜಿನಿಯರ್ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕರು. ಆ ಮನೆಯ ಪ್ರಸಾರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ಸರ್ಕಾರಿ ಬಾನುಲಿ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು.

ನಾನು ಎಲೆಕ್ಟ್ರಾನಿಕ್ಸ್ ಓದುವ ವಿದ್ಯಾರ್ಥಿ. ಈ ಕಥೆ ಕೇಳಿದಾಗಲೆಲ್ಲ ನನಗೆ ಹೆಮ್ಮೆಗಿಂತ ಮೊದಲು ಒಂದು ಪ್ರಶ್ನೆ ಏಳುತ್ತದೆ. ಆ ಪ್ರಾಧ್ಯಾಪಕರ ಬಳಿ ಇದ್ದದ್ದಕ್ಕಿಂತ ಎಷ್ಟೋ ಪಟ್ಟು ಒಳ್ಳೆಯ ಸಲಕರಣೆ ಇಂದು ನಮ್ಮ ಲ್ಯಾಬ್‌ಗಳಲ್ಲಿ ಇದೆ. ಅದನ್ನಿಟ್ಟುಕೊಂಡು ನಾವು ನಮ್ಮ ಊರಿನ ಸಂಜೆಗೆ ಏನು ಕೊಟ್ಟಿದ್ದೇವೆ?

ನಾನು ಹೇಳಬೇಕೆಂದಿರುವುದು ಇಷ್ಟು. ಪ್ರತಿ ಊರಿಗೂ ಸಂಜೆ ಹೊತ್ತು ಒಂದು ತಾಸಾದರೂ ಅದರದೇ ಆದ ಪ್ರಸಾರ ಬೇಕು. ಆ ಊರಿನವರೇ ಹಾಡಬೇಕು, ಆ ಊರಿನವರೇ ಮಾತಾಡಬೇಕು, ಅದರ ಬಹುಪಾಲು ಸುಗಮ ಸಂಗೀತವಾಗಿರಬೇಕು. ಇದು ಹಳೆಯ ಕಾಲದ ಹಂಬಲವಲ್ಲ. ಈ ಕಾಲಕ್ಕೆ ಬೇಕಾದ ಮಾತು ಎಂದೇ ನನ್ನ ನಂಬಿಕೆ.

ಬಾನುಲಿಯ ಚರಿತ್ರೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಈ ತಂತ್ರಜ್ಞಾನ ಜನರ ಬಳಿ ಬಂದಾಗಲೆಲ್ಲ ಅದರ ಕೈಹಿಡಿದು ಕರೆತಂದದ್ದು ಹಾಡು. 1920ರ ಜೂನ್‌ನಲ್ಲಿ ಇಂಗ್ಲೆಂಡಿನ ಚೆಮ್ಸ್‌ಫರ್ಡ್‌ನ ಮಾರ್ಕೋನಿ ಕಾರ್ಖಾನೆಯಿಂದ ಹೊರಟ ಹೆಸರಾಂತ ಪ್ರಸಾರದಲ್ಲಿ ಇದ್ದದ್ದು ಗಾಯಕಿ ನೆಲ್ಲಿ ಮೆಲ್ಬಾ ಅವರ ದನಿ. ಮರುವರ್ಷ ಮುಂಬೈನಲ್ಲಿ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯವರೂ ಅಂಚೆ-ತಂತಿ ಇಲಾಖೆಯವರೂ ಸೇರಿ ಪ್ರಯೋಗಕ್ಕೆಂದು ಕಳುಹಿಸಿದ್ದೂ ಸಂಗೀತವನ್ನೇ. ಪುಣೆಯಲ್ಲಿದ್ದ ಗವರ್ನರ್ ಜಾರ್ಜ್ ಲಾಯ್ಡ್ ಅದನ್ನು ಕೇಳಿದರು. 1924ರಲ್ಲಿ ಮದರಾಸಿನಲ್ಲಿ ಆಸಕ್ತರೇ ಸೇರಿ ರೇಡಿಯೋ ಕ್ಲಬ್ ಕಟ್ಟಿ ಪ್ರಸಾರ ಶುರು ಮಾಡಿದರು. ದುಡ್ಡಿನ ಅಡಚಣೆಯಿಂದ ಅದು ನಿಂತುಹೋಯಿತು. ಬಳಿಕ 1930ರಲ್ಲಿ ಮದರಾಸು ನಗರಸಭೆಯೇ ಆ ಕೆಲಸವನ್ನು ಕೈಗೆತ್ತಿಕೊಂಡಿತು. ನೀರು, ಬೀದಿದೀಪದ ಜೊತೆಗೆ ಸಂಜೆಯ ಸಂಗೀತವೂ ನಗರಸಭೆಯ ಕೆಲಸವಾಗಿತ್ತು ಎಂಬುದನ್ನು ಇಂದು ನಂಬುವುದೇ ಕಷ್ಟ!

ಮೈಸೂರಿನದೂ ಇದೇ ದಾರಿ. ಗೋಪಾಲಸ್ವಾಮಿ ಅವರು ಮೊದಲು ಸ್ವಂತ ದುಡ್ಡು ಹಾಕಿದರು. ಆಮೇಲೆ ಸಾರ್ವಜನಿಕರ, ನಗರಸಭೆಯ ನೆರವು ಬಂತು. 30 ವಾಟ್ ಇದ್ದದ್ದು 250 ವಾಟ್ ಆಯಿತು. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಸರ್ಕಾರ ಬಂದದ್ದು ಕೊನೆಗೆ. ಮೊದಲು ಬಂದದ್ದು ‘ನಮ್ಮೂರಿನ ದನಿ ನಮ್ಮೂರಿಗೆ ಕೇಳಬೇಕು’ ಎಂಬ ಒಬ್ಬ ಮೇಷ್ಟ್ರ ಹಟ.

ಇನ್ನು ನಮ್ಮ ಧಾರವಾಡಕ್ಕೆ ಬರುತ್ತೇನೆ. ಇಲ್ಲಿಯ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಅಂದರೆ ನಮ್ಮ ಗಣರಾಜ್ಯಕ್ಕಿಂತ ಅದು 18 ದಿನ ಹಿರಿದು. ಕರ್ನಾಟಕ ಏಕೀಕರಣಕ್ಕೆ ಇನ್ನೂ ಆರು ವರ್ಷಕ್ಕಿಂತ ಹೆಚ್ಚು ಕಾಲವಿತ್ತು. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಕಚೇರಿ, ಕಾಗದಪತ್ರಗಳಲ್ಲಿ ಮರಾಠಿ, ಇಂಗ್ಲಿಷ್ ಜೋರಾಗಿದ್ದ ಕಾಲದಲ್ಲಿ ದಿನಾ ಸಂಜೆ ಗಾಳಿಯಲ್ಲಿ ಕನ್ನಡ ಬರತೊಡಗಿದ್ದು ಸಣ್ಣ ಸಂಗತಿಯಲ್ಲ. ನಕಾಶೆಯ ಮೇಲೆ ಒಂದಾಗುವ ಮೊದಲೇ ಕನ್ನಡಿಗರು ಕಿವಿಯಲ್ಲಿ ಒಂದಾಗಿದ್ದರು ಎನ್ನಬಹುದು.

ಆ ದಿನಗಳ ಸಂಜೆ ಹೇಗಿತ್ತು ಎಂದು ನಮ್ಮ ಅಜ್ಜನನ್ನು ಕೇಳಿದೆ. ಎಂಬತ್ತು ದಾಟಿದ ಅವನು ಹುಟ್ಟಿ ಬೆಳೆದದ್ದೆಲ್ಲ ಕೆಲಗೇರಿಯಲ್ಲೇ. ಆಗ ಇದು ಕೆರೆ, ಹೊಲಗಳ ನಡುವಿನ ಹಳ್ಳಿ. ಈಗ ಮಹಾನಗರದ ಒಂದು ಭಾಗ. ‘ಆವಾಗ ಎಲ್ಲಾರ ಮನ್ಯಾಗ ರೇಡಿಯೋ ಎಲ್ಲಿಂದ ಬರಬೇಕೋ ತಮ್ಮಾ? ಒಬ್ಬರ ಮನ್ಯಾಗ ಇರೋದು, ಓಣಿ ತುಂಬ ಕೇಳೋದು. ದೀಪಾ ಹಚ್ಚೋ ಹೊತ್ತಿಗೆ ಕಟ್ಟಿ ಮ್ಯಾಲ ಕುಂತು ಬಿಡತಿದ್ವಿ. ಯಾವ ಹಾಡು ಬರ್ತದ ಅಂತ ಯಾರಿಗೂ ಗೊತ್ತಿರತಿದ್ದಿಲ್ಲ. ಬಂದದ್ದು ಕೇಳೋದು. ಕೇಳಿ ಕೇಳಿ ರುಚಿ ಹತ್ತತಿತ್ತು’ ಎಂದ.

‘ಬಂದದ್ದು ಕೇಳೋದು’ ಎಂಬ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಯಾಕೆಂದರೆ ನಮ್ಮ ಪೀಳಿಗೆ ಕೇಳುವುದು ಬಂದದ್ದನ್ನಲ್ಲ, ಬೇಕಾದದ್ದನ್ನು. ಮೊಬೈಲಿನ ಆ್ಯಪ್ ನಿನ್ನೆ ನಾನು ಏನು ಕೇಳಿದೆ ಎಂದು ನೋಡಿಕೊಂಡು ಇವತ್ತು ಅಂಥದ್ದನ್ನೇ ಬಡಿಸುತ್ತದೆ. ಇದು ಗಣಿತ, ಅದನ್ನು ಬೈಯಲು ನನಗೆ ಮನಸ್ಸಿಲ್ಲ, ನಾಳೆ ಅಂಥ ಪ್ರೋಗ್ರಾಂ ಬರೆದೇ ನಾನು ಹೊಟ್ಟೆ ಹೊರೆಯಬೇಕಾಗಬಹುದು. ಆದರೆ ಅದರ ಮಿತಿ ಗೊತ್ತಿರಬೇಕು. ನನಗೆ ಗೊತ್ತೇ ಇಲ್ಲದ ರುಚಿಯನ್ನು ಅದು ಅಪರೂಪಕ್ಕೆ ಮಾತ್ರ ತೋರಿಸುತ್ತದೆ. ಪಕ್ಕದ ಓಣಿಯಲ್ಲಿ ಒಬ್ಬರು ಚೆಂದ ಹಾಡುತ್ತಾರೆ ಎಂಬುದು ಅದಕ್ಕೆ ಗೊತ್ತಾಗುವುದು ಆ ಹಾಡನ್ನು ಮೊದಲೇ ಸಾವಿರಾರು ಜನ ಕೇಳಿದ್ದರೆ ಮಾತ್ರ. ಕೇಳಿಸುವವರಿಲ್ಲದೆ ಆ ಸಾವಿರಾರು ಜನ ಎಲ್ಲಿಂದ ಬರಬೇಕು?

ಬಾನುಲಿಯ ಸಂಜೆ ಇದಕ್ಕೆ ತಿರುವುಮುರುವು. ವಾರ್ತೆಯ ಹಿಂದೆ ಕೃಷಿಯ ಮಾತು, ಅದರ ಹಿಂದೆ ಭಾವಗೀತೆ, ಆಮೇಲೆ ಒಂದು ನಾಟಕ, ಆಮೇಲೆ ಖಯಾಲ್. ವಾರ್ತೆಗೆಂದು ಕೂತವನಿಗೆ ಹಾಡು ಸಿಕ್ಕಿತು, ಹಾಡಿಗೆಂದು ಕೂತವಳಿಗೆ ಬಿತ್ತನೆಯ ಸುದ್ದಿ ಸಿಕ್ಕಿತು. ನಮ್ಮ ಅಜ್ಜ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಕವನ ಸಂಕಲನವನ್ನು ಕೈಯಲ್ಲಿ ಹಿಡಿದದ್ದನ್ನು ನಾನು ನೋಡಿಲ್ಲ. ಆದರೂ ಬೇಂದ್ರೆಯವರ ನಾಲ್ಕಾರು ಕವಿತೆಗಳು ಅವನಿಗೆ ಬಾಯಿಪಾಠ, ಅದೂ ರಾಗದ ಸಮೇತ. ಪುಸ್ತಕ ಹೋಗದ ಮನೆಗೆ ಹಾಡು ಹೋಗಿತ್ತು. ಇದಕ್ಕಿಂತ ದೊಡ್ಡ ಸಾಹಿತ್ಯ ಪ್ರಚಾರವನ್ನು ನಾನು ಕಂಡಿಲ್ಲ.

ಸುಗಮ ಸಂಗೀತವನ್ನು ಇಂಗ್ಲಿಷಿನವರು ‘ಲೈಟ್ ಮ್ಯೂಸಿಕ್’ ಎಂದರು. ನಾವೂ ಅದನ್ನೇ ಹಿಡಿದು ‘ಲಘು ಸಂಗೀತ’ ಎಂದೆವು. ಲಘು ಎಂದ ಕೂಡಲೇ ಅದು ಕಡಿಮೆ ದರ್ಜೆಯದು ಎಂಬ ಭಾವ ಬಂದುಬಿಡುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ಧಾರವಾಡದ ಮಟ್ಟಿಗಂತೂ ಭಾರ-ಹಗುರ ಎಂಬ ಗೋಡೆ ಎಂದೂ ಗಟ್ಟಿಯಾಗಿರಲಿಲ್ಲ. ನಮ್ಮ ಕೆಲಗೇರಿಯಿಂದ ದೂರವಲ್ಲದ ಮನಸೂರಿನಲ್ಲಿ ಹುಟ್ಟಿದ ಪಂಡಿತ ಮಲ್ಲಿಕಾರ್ಜುನ ಮನ್ಸೂರರು ಚಿಕ್ಕಂದಿನಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು. ಜೈಪುರ-ಅತ್ರೌಲಿ ಘರಾಣೆಯ ಕಠಿಣ ರಾಗಗಳಿಗೆ ಹೆಸರಾದ ಅವರೇ ವಚನಗಳನ್ನೂ ಮನೆಮನೆಗೆ ಮುಟ್ಟಿಸಿದರು. ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿಯೂ ಇದ್ದರು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಮೊದಮೊದಲು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ್ದರಲ್ಲಿ ಲಘು ಶೈಲಿಯ ಹಾಡುಗಳೂ ಇದ್ದವು. ಸಾಧನಕೇರಿಯ ಬೇಂದ್ರೆಯವರು ಸೊಲ್ಲಾಪುರದ ಕಾಲೇಜಿನಿಂದ ನಿವೃತ್ತರಾಗಿ ಬಂದ ಮೇಲೆ ಇದೇ ಕೇಂದ್ರಕ್ಕೆ ಸಲಹೆಗಾರರಾದರು. ಒಬ್ಬ ಮಹಾಕವಿ, ಒಬ್ಬ ಮಹಾಗಾಯಕ ಊರಿನ ಬಾನುಲಿಗೆ ಸಲಹೆ ಹೇಳುತ್ತಿದ್ದರು ಎಂದರೆ ಆ ಸಂಜೆಯ ಹಾಡನ್ನು ಯಾರು ಹಗುರವೆಂದಾರು?

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುತ್ತಿಲ್ಲ. ಆ ಕಾಲದ ಬಾನುಲಿಗೆ ತನ್ನದೇ ಮಡಿ-ಮೈಲಿಗೆ ಇತ್ತು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಅದರ ಸ್ವರಗಳು ಕಟ್ಟಿಟ್ಟಂತಿರುತ್ತವೆ, ನಮ್ಮ ಸಂಗೀತದ ಮೀಂಡ್, ಶ್ರುತಿಗಳಿಗೆ ಒಗ್ಗುವುದಿಲ್ಲ ಎಂಬುದು ವಾದ. ತಾಂತ್ರಿಕವಾಗಿ ಆ ವಾದದಲ್ಲಿ ಹುರುಳಿದೆ. ಆದರೆ ಉತ್ತರ ಕರ್ನಾಟಕದ ಯಾವ ಭಜನಾ ಮೇಳದಲ್ಲಿ, ಯಾವ ನಾಟಕ ಕಂಪನಿಯಲ್ಲಿ ಪೇಟಿ ಇಲ್ಲ? ಊರೂರಿನಲ್ಲಿ ನುಡಿಯುತ್ತಿದ್ದ ವಾದ್ಯಕ್ಕೆ ಸ್ಟುಡಿಯೋದಲ್ಲಿ ಮೂರು ದಶಕದಷ್ಟು ಕಾಲ ಬಾಗಿಲು ಮುಚ್ಚಿತ್ತು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಸಿನಿಮಾ ಹಾಡುಗಳೂ ಆಕಾಶವಾಣಿಯಿಂದ ಮಾಯವಾದವು. ಜನ ಸುಮ್ಮನಿದ್ದರೇ? ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅಮೀನ್ ಸಯಾನಿ ಅವರ ದನಿಯಲ್ಲಿ ಬರುತ್ತಿದ್ದ ‘ಬಿನಾಕಾ ಗೀತಮಾಲಾ’ ಮನೆಮಾತಾಯಿತು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಗಬೇಕಾಯಿತು. ಕೇಳುಗರನ್ನು ತಿದ್ದಲು ಹೋದವರನ್ನು ಕೇಳುಗರೇ ತಿದ್ದಿದರು.

ಆ ತಿಕ್ಕಾಟದಿಂದ ಒಂದು ಒಳಿತೂ ಆಯಿತು ಎಂಬುದನ್ನು ಮರೆಯಬಾರದು. ಸಿನಿಮಾ ಹಾಡು ಬೇಡವೆಂದ ಮೇಲೆ ಅದರ ಜಾಗಕ್ಕೆ ಬೇರೆ ಹಗುರ ಹಾಡು ಬೇಕಾಯಿತು. ಆಕಾಶವಾಣಿ ಕೇಂದ್ರಗಳಲ್ಲಿ ಲಘು ಸಂಗೀತಕ್ಕೆಂದೇ ವಿಭಾಗಗಳು ಹುಟ್ಟಿದವು. ಕವಿಗಳ ರಚನೆಗೆ ರಾಗ ಹಾಕುವ ಕೆಲಸಕ್ಕೆ ಸಂಬಳ, ಸಂಭಾವನೆ ಸಿಕ್ಕಿತು. ಪಿ. ಕಾಳಿಂಗರಾಯರಂಥವರು ಆಗಲೇ ತೆರೆದಿದ್ದ ಹಾದಿ ಇನ್ನಷ್ಟು ಅಗಲವಾಯಿತು. ಆಡಿಶನ್ ಎಂಬ ಪರೀಕ್ಷೆ ಇತ್ತು. ‘ಬಿ’, ‘ಬಿ-ಹೈ’, ‘ಎ’, ‘ಟಾಪ್’ ಎಂಬ ಶ್ರೇಣಿಗಳಿದ್ದವು. ಹಳ್ಳಿಯ ಹುಡುಗಿಯೊಬ್ಬಳು ‘ನಾನು ಬಿ-ಹೈ ಕಲಾವಿದೆ’ ಎಂದು ಹೇಳಿಕೊಂಡರೆ ಅದಕ್ಕೊಂದು ತೂಕವಿತ್ತು. ಇಂದು ಆ ತೂಕವನ್ನು ಲೈಕುಗಳಲ್ಲಿ ಅಳೆಯುತ್ತೇವೆ. ಲೈಕುಗಳಿಗೆ ಶ್ರುತಿ ತಿಳಿಯದು.

ತಂತ್ರಜ್ಞಾನದ ಕಡೆಯಿಂದಲೂ ಒಂದು ಮಾತು ಹೇಳಬೇಕು. ಪಠ್ಯದಲ್ಲಿ ಆ್ಯಂಪ್ಲಿಟ್ಯೂಡ್ ಮಾಡ್ಯುಲೇಶನ್ ಓದಿದ ಮೇಲೆ ನಾನೂ ಇಬ್ಬರು ಗೆಳೆಯರೂ ಸೇರಿ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಕ್ರಿಸ್ಟಲ್ ರೇಡಿಯೋ ಮಾಡಿದೆವು. ಪಿವಿಸಿ ಪೈಪಿಗೆ ಸುತ್ತಿದ ತಾಮ್ರದ ತಂತಿ, ಹಳೆಯ ರೇಡಿಯೋದಿಂದ ಬಿಚ್ಚಿದ ಗ್ಯಾಂಗ್ ಕಂಡೆನ್ಸರ್, ಒಂದು ಜರ್ಮೇನಿಯಂ ಡಯೋಡ್, ಒಂದು ಇಯರ್‌ಫೋನ್. ಏರಿಯಲ್ಲಿಗೆ ಉದ್ದನೆಯ ತಂತಿ, ಅರ್ಥಿಂಗ್‌ಗೆ ಬೋರಿನ ಕಬ್ಬಿಣದ ಪೈಪು. ಇಷ್ಟರಲ್ಲೇ ಧಾರವಾಡ ಕೇಂದ್ರದ 765 ಕಿಲೋಹರ್ಟ್ಸ್ ಪ್ರಸಾರ ಕಿವಿಗೆ ಬಂತು. ಅದಕ್ಕೆ ಬ್ಯಾಟರಿ ಇಲ್ಲ, ಕರೆಂಟೂ ಇಲ್ಲ. ಪ್ರಸಾರ ಗೋಪುರದಿಂದ ಹೊರಟ ಅಲೆಯಲ್ಲಿರುವ ಶಕ್ತಿಯ ಒಂದು ಚೂರೇ ಇಯರ್‌ಫೋನಿನ ಪೊರೆಯನ್ನು ಅಲುಗಿಸುತ್ತದೆ. ಅಜ್ಜನ ಕಿವಿಗಿಟ್ಟೆ. ‘ಸೆಲ್ಲ ಎಲ್ಲಿ ಹಾಕೀರೋ?’ ಎಂದ. ‘ಸೆಲ್ಲ ಇಲ್ಲಜ್ಜಾ’ ಎಂದೆ. ಸ್ವಲ್ಪ ಹೊತ್ತು ಕೇಳಿ, ‘ಹಂಗಾರ ಬಿಲ್ಲೂ ಬರಂಗಿಲ್ಲ. ಮತ್ಯಾಕ ಯಾರೂ ಕೇಳವಲ್ರು?’ ಎಂದ. ಅವನಿಗೆ ಕೊಡಲು ನನ್ನ ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ.

ಅಜ್ಜನ ಕಾಲದಲ್ಲಿ ಕೇಳಲು ದುಡ್ಡು ಬೇಕಿತ್ತು. ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಈಗ ಅದೂ ಇಲ್ಲ. ಕೇಳುವುದು ಇಷ್ಟು ಅಗ್ಗವಾದ ಕಾಲದಲ್ಲೇ ನಾವು ಕೂಡಿ ಕೇಳುವುದನ್ನು ಬಿಟ್ಟಿದ್ದೇವೆ. ಸಂಜೆ ಕೆಲಗೇರಿ ಕೆರೆಯ ದಂಡೆಗೆ ಬಂದು ನೋಡಿ. ವಾಕಿಂಗಿಗೆ ಬಂದ ಹತ್ತು ಜನರ ಕಿವಿಯಲ್ಲಿ ಹತ್ತು ಬೇರೆ ಹಾಡು. ಯಾರ ಹಾಡಿಗೂ ಇನ್ನೊಬ್ಬರು ತಲೆದೂಗುವಂತಿಲ್ಲ.

‘ಎಲ್ಲ ಯೂಟ್ಯೂಬಿನಲ್ಲಿ ಸಿಗುತ್ತದಲ್ಲ, ರೇಡಿಯೋ ಯಾಕೆ?’ ಎಂದು ಗೆಳೆಯರು ಕೇಳುತ್ತಾರೆ. ಸಿಗುತ್ತದೆ, ನಿಜ. ಆದರೆ ಹುಡುಕಿದವರಿಗೆ ಮಾತ್ರ. ಹುಡುಕಬೇಕೆಂದರೆ ಹೆಸರು ಗೊತ್ತಿರಬೇಕು. ನಮ್ಮೂರ ಹಾಡುಗಾರರ ಹೆಸರು ನಮಗೇ ಗೊತ್ತಿಲ್ಲ. ಕಳೆದ ವರ್ಷ ಕಾಲೇಜಿನ ಉತ್ಸವವೊಂದರಲ್ಲಿ ನನ್ನ ಸಹಪಾಠಿಯೊಬ್ಬಳು ಹಾರ್ಮೋನಿಯಂ ಹಿಡಿದು ಭಾವಗೀತೆಗೆ ಕೂತಳು. ಎರಡನೇ ನುಡಿ ಮುಗಿಯುವಷ್ಟರಲ್ಲಿ ‘ಟೈಮ್ ಆಯಿತು’ ಎಂದು ಡಿಜೆಗೆ ವೇದಿಕೆ ಬಿಟ್ಟುಕೊಡಲು ಹೇಳಿದರು. ಡಿಜೆ ಬೇಡವೆಂದು ನಾನು ಹೇಳುವುದಿಲ್ಲ, ನಾನೂ ಕುಣಿದಿದ್ದೇನೆ. ಆದರೆ ಬಾಡಿಗೆಗೆ ತಂದ ಸದ್ದಿಗೆ ಎರಡು ತಾಸು, ನಮ್ಮ ನಡುವಿನ ದನಿಗೆ ಎರಡು ನಿಮಿಷ ಎಂಬ ಲೆಕ್ಕ ಎಲ್ಲಿಯದು?

ಬರೀ ದೂರಿದರೆ ಪ್ರಯೋಜನವಿಲ್ಲ. ಆಗಬಹುದಾದ ಮೂರು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು ಆಕಾಶವಾಣಿಗೆ. ಸ್ಥಳೀಯ ಕೇಂದ್ರಗಳಲ್ಲಿ ಸಂಜೆಯ ಒಂದು ತಾಸನ್ನು ಊರಿನ ಸುಗಮ ಸಂಗೀತಕ್ಕೆ, ಜಾನಪದಕ್ಕೆ, ರಂಗಗೀತೆಗೆ ಮೀಸಲಿಡಲಿ. ದಿನಾ ಅದೇ ಹೊತ್ತಿಗೆ ಬರಲಿ. ಬೇರೆ ಊರಿನ ಕಾರ್ಯಕ್ರಮದ ಮರುಪ್ರಸಾರಕ್ಕೆ ಆ ತಾಸನ್ನು ಬಿಟ್ಟುಕೊಡುವುದು ಬೇಡ. ಸಂಜೆಯೇ ಯಾಕೆ ಎಂದರೆ ಅದಕ್ಕೆ ಭೌತಶಾಸ್ತ್ರದ ಕಾರಣವೂ ಇದೆ. ಹಗಲು ಮಧ್ಯಮ ತರಂಗವನ್ನು ಹೀರಿಕೊಳ್ಳುವ ಅಯಾನುಗೋಳದ ಕೆಳಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ. ಅಲೆಗಳು ಮೇಲಿನ ಪದರಕ್ಕೆ ಬಡಿದು ದೂರದೂರಕ್ಕೆ ಮರಳುತ್ತವೆ. ದುಡಿದು ಬಂದವರಿಗೆ ಬಿಡುವಾಗುವ ಹೊತ್ತಿಗೇ ಆಕಾಶವೂ ದಾರಿ ಬಿಡುತ್ತದೆ!

ಎರಡನೆಯದು ಹಳೆಯ ಧ್ವನಿಮುದ್ರಣಗಳ ಮಾತು. ಮೊದಲ ವರ್ಷಗಳ ಬಹಳಷ್ಟು ಕಾರ್ಯಕ್ರಮಗಳು ನೇರ ಪ್ರಸಾರವಾಗಿದ್ದವು. ಹಾಡಿದ್ದು ಗಾಳಿಗೆ ಹೋಯಿತು. ಟೇಪು ದುಬಾರಿ, ಅಳಿಸಿ ಮತ್ತೆ ಬಳಸುವುದೂ ಇತ್ತು. ಹಾಗಾಗಿ ಉಳಿದದ್ದು ಎಷ್ಟೇ ಇರಲಿ, ಅದು ಕಪಾಟಿನಿಂದ ಹೊರಗೆ ಬರಲಿ. ಟೇಪಿಗೂ ಆಯುಷ್ಯವಿದೆ, ಅದರ ಮೇಲಿನ ಲೇಪ ಉದುರಿದರೆ ಯಾವ ಇಂಜಿನಿಯರನೂ ಹಾಡನ್ನು ಮರಳಿ ತರಲಾರ. ಹಾಡಿದವರ, ತಬಲಾ ನುಡಿಸಿದವರ, ರಾಗ ಹಾಕಿದವರ ಹೆಸರು ಸಹಿತ ಅದು ಜನರಿಗೆ ಸಿಗಲಿ. ಡಿಜಿಟಲೀಕರಣದ ಕೆಲಸಕ್ಕೆ ನಮ್ಮಂಥ ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್‌ಗೆ ಕರೆದರೆ ಬರುವುದಿಲ್ಲ ಎಂದವರಾರು?

ಮೂರನೆಯದು ನಮ್ಮ ಕಾಲೇಜುಗಳಿಗೆ. ಶಿಕ್ಷಣ ಸಂಸ್ಥೆಗಳು ಸಮುದಾಯ ಬಾನುಲಿ ನಡೆಸಬಹುದು ಎಂದು ಕೇಂದ್ರ ಸರ್ಕಾರ ಒಪ್ಪಿದ್ದು 2002ರಲ್ಲಿ. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಆ ಅವಕಾಶ ಸಿಕ್ಕಿತು. ಇದಕ್ಕೆ ಸಾಮಾನ್ಯವಾಗಿ ಇರುವ ಮಿತಿ 100 ವಾಟ್ ಪ್ರಸಾರ ಶಕ್ತಿ, 30 ಮೀಟರ್ ಎತ್ತರದ ಆ್ಯಂಟೆನಾ. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಗೆ ಕೇಳುತ್ತದೆ. ಕಾರ್ಯಕ್ರಮದ ಅರ್ಧದಷ್ಟಾದರೂ ಸ್ಥಳೀಯವಾಗಿಯೇ ತಯಾರಾಗಬೇಕು ಎಂಬುದು ನಿಯಮ. ನಮ್ಮ ಧಾರವಾಡದಲ್ಲಿ ಇದೇನು ಹೊಸದಲ್ಲ. ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿ 90.4ರಲ್ಲಿ ರೈತರೊಂದಿಗೆ ಮಾತಾಡುತ್ತ ಬಂದಿದೆ. ರೈತರಿಗಾಗಿ ಆದದ್ದು ಹಾಡುವವರಿಗಾಗಿ ಯಾಕಾಗಬಾರದು? ಟ್ರಾನ್ಸ್‌ಮಿಟರ್, ಆ್ಯಂಟೆನಾ, ಮಿಕ್ಸರ್ ಇವೆಲ್ಲ ನಮ್ಮ ಸಿಲೆಬಸ್‌ನಲ್ಲೇ ಇವೆ. ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ಅದೇ ಹಳೆಯ ರಿಪೋರ್ಟುಗಳನ್ನು ಹೊಸ ರಟ್ಟಿನಲ್ಲಿ ಕಟ್ಟಿಸುವ ಬದಲು ಊರು ಕೇಳುವಂಥ ಒಂದು ಸ್ಟುಡಿಯೋ ಕಟ್ಟಬಹುದು.

ಲೈಸೆನ್ಸು, ದುಡ್ಡು, ಕಾಗದಪತ್ರ ಎಲ್ಲ ಬೇಕು, ಅದು ದೊಡ್ಡವರ ಕೆಲಸ ಎನ್ನಬಹುದು. ಸರಿ, ಅಲ್ಲಿಯವರೆಗೆ ನಮ್ಮ ಪಾಲಿನದು ಮಾಡಬಹುದಲ್ಲ. ನಮ್ಮ ಓಣಿಯಲ್ಲಿ ಶನಿವಾರ ಭಜನೆಗೆ ಕೂಡುವ ಮೇಳದಲ್ಲಿ ಪೇಟಿ ಬಾರಿಸುವವರಿಗೆ ಎಪ್ಪತ್ತರ ಮೇಲಾಯಿತು. ಅವರಿಗೆ ಬರುವ ಎಷ್ಟೋ ತತ್ವಪದಗಳು, ಅದೇ ಧಾಟಿಯಲ್ಲಿ, ಇನ್ನೊಬ್ಬರಿಗೆ ಬರುವುದಿಲ್ಲ. ಈ ಸೆಮಿಸ್ಟರಿನ ರಜೆಯಲ್ಲಿ ನಾವು ಮೂವರು ಒಂದು ಒಳ್ಳೆಯ ಮೈಕ್ ಬಾಡಿಗೆಗೆ ತಂದು, ಅವರ ಒಪ್ಪಿಗೆ ಪಡೆದು, ಒಂದೊಂದಾಗಿ ಧ್ವನಿಮುದ್ರಿಸಿಕೊಳ್ಳುವುದೆಂದು ಮಾತಾಗಿದೆ. ಆಮೇಲೆ ಅದನ್ನು ಹಿಡಿದುಕೊಂಡು ಬಾನುಲಿ ಕೇಂದ್ರಗಳ ಬಾಗಿಲು ತಟ್ಟುತ್ತೇವೆ.

ನಿಮ್ಮ ಓಣಿಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಈ ವಾರ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ.